ಪುಟ್ಟ ಮಕ್ಕಳಿಗೆ ಅಲ್ಲಾಹನ ಹೆದರಿಕೆ ಮೊದಲಾ, ಪ್ರೀತಿ ಮೊದಲಾ? ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಬರೆಯಿರಿ

ಹುಬ್ಬಳ್ಳಿ ಅಮ್ಮಿ

ಅಸ್ಸಲಾಮು ಅಲೈಕುಮ್. ಏಳು ವರ್ಷದೊಳಗಿನ ಮಕ್ಕಳಿರುವವರು ಇದನ್ನು ಓದಿ ಉತ್ತರ ಬರೆಯಿರಿ. ಅಜ್ಜ ಅಜ್ಜಿಯರೂ ಬರೆಯಿರಿ, ನಿಮ್ಮ ಮಾತು ನಮಗೆ ಬೇಕು.

ನಮ್ಮ ಮನೆಗಳಲ್ಲಿ ಪುಟ್ಟ ಮಗುವಿನ ಕಿವಿಗೆ ಅಲ್ಲಾಹನ ಹೆಸರು ಜಾಸ್ತಿ ಯಾವ ಹೊತ್ತಿನಲ್ಲಿ ಬೀಳುತ್ತದೆ ಅಂತ ಸ್ವಲ್ಪ ಗಮನಿಸಿ ನೋಡಿ. ಹುಟ್ಟಿದಾಗ ಕಿವಿಯಲ್ಲಿ ಅಝಾನ್ (ನಮಾಝಿನ ಕರೆ) ಹೇಳಿರುತ್ತೇವೆ. ಆಮೇಲೆ? ತಟ್ಟೆಯಲ್ಲಿ ಅನ್ನ ಬಿಟ್ಟರೆ "ಅಲ್ಲಾ ಮಾರ್ತಾ ದೇಖ್" (ನೋಡು, ಅಲ್ಲಾ ಹೊಡೀತಾನೆ). ಸುಳ್ಳು ಹೇಳಿದರೆ ದೋಜಖ್‌ನ ಬೆಂಕಿ. ತಮ್ಮನಿಗೆ ಹೊಡೆದರೆ ಕೈ ಸುಡುತ್ತದೆ. ಹೀಗೆ ಬೈಯುವ ಹೊತ್ತಿಗೆ ಮಾತ್ರ ಆ ಹೆಸರು ಬಂದರೆ, ಮಗುವಿನ ಮನಸ್ಸಿನಲ್ಲಿ ಅಲ್ಲಾಹ್ ಅಂದರೆ ಸದಾ ಸಿಟ್ಟಿನಲ್ಲಿರುವವನು ಅಂತ ಕೂತುಬಿಡುತ್ತದೆ. ನನ್ನ ಮಗಳಿಗೆ ಐದು ವರ್ಷ. ಹಾಲು ಚೆಲ್ಲಿ, ಹೆದರಿ, "ಅಲ್ಲಾ ನನ್ನ ಮೇಲೆ ಗುಸ್ಸಾ ಆಗಿದ್ದಾನಾ ಅಮ್ಮಿ?" ಅಂತ ಕೇಳಿದಳು. ಹೇಳಿಕೊಟ್ಟವರು ಕೆಟ್ಟವರಲ್ಲ, ಮಗುವಿನ ಮೇಲೆ ಜೀವ ಇಟ್ಟುಕೊಂಡವರೇ. ಅವರಿಗೂ ಅವರ ಅಮ್ಮ ಹಾಗೇ ಹೇಳಿದ್ದರು.

ಕುರ್‌ಆನಿನ 114 ಸೂರಾಗಳಲ್ಲಿ (ಅಧ್ಯಾಯಗಳಲ್ಲಿ) 113 ಸೂರಾಗಳ ತಲೆಯ ಮೇಲೆ ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಇದೆ, ಪರಮ ಕರುಣಾಳುವಾದ ಅಲ್ಲಾಹನ ಹೆಸರಿನಿಂದ ಅಂತ. ಅಲ್ಲಾಹನು ತನ್ನನ್ನು ನಮಗೆ ಪರಿಚಯ ಮಾಡಿಕೊಡುವಾಗ ಮೊದಲು ಹೇಳುವುದು ತನ್ನ ಕರುಣೆಯನ್ನು. ಒಂದು ಹದೀಸ್ (ಪ್ರವಾದಿಯವರ ಮಾತು, ನಡೆಯ ವರದಿ) ಇದೆ, ಬುಖಾರಿ ಅನ್ನುವ ಹದೀಸ್ ಸಂಗ್ರಹದಲ್ಲಿ. ಯುದ್ಧದಲ್ಲಿ ಸೆರೆಸಿಕ್ಕ ಒಬ್ಬ ತಾಯಿ ತನ್ನ ಮಗುವನ್ನು ಹುಡುಕುತ್ತಾ ಓಡಾಡುತ್ತಿದ್ದಳು, ಮಗು ಸಿಕ್ಕ ಕೂಡಲೇ ಎದೆಗವಚಿಕೊಂಡು ಹಾಲು ಕೊಟ್ಟಳು. ಪ್ರವಾದಿ (ಸ) ಜೊತೆಯಲ್ಲಿದ್ದವರನ್ನು ಕೇಳಿದರು, ಈ ತಾಯಿ ತನ್ನ ಮಗುವನ್ನು ಬೆಂಕಿಗೆ ಎಸೆಯುತ್ತಾಳಾ? ಇಲ್ಲ ಅಂದರು ಅವರು. ಈಕೆಗೆ ತನ್ನ ಮಗುವಿನ ಮೇಲಿರುವ ಕರುಣೆಗಿಂತ ಅಲ್ಲಾಹನಿಗೆ ತನ್ನ ದಾಸರ ಮೇಲೆ ಹೆಚ್ಚು ಕರುಣೆ ಇದೆ ಅಂದರು ಪ್ರವಾದಿ (ಸ). ಈ ಕಥೆ ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಬೆಂಕಿಯದ್ದು ಮಾತ್ರ ತಪ್ಪದೆ ಹೇಳುತ್ತೇವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಗು ಬೆಳಿಗ್ಗೆ ಎದ್ದಾಗ, ಮಾವಿನ ಹಣ್ಣು ತಿಂದಾಗ, ಮಳೆ ಬಂದಾಗ, ಜ್ವರ ಬಿಟ್ಟಾಗ, ಖುಷಿಯಲ್ಲಿದ್ದಾಗ ಅಲ್ಲಾಹನ ಹೆಸರು ಬರಬೇಕು. ಬೈಯುವಾಗ ನಾನು ಆ ಹೆಸರು ತರುವುದಿಲ್ಲ. ಬೈಯುವುದು ನನ್ನ ಕೆಲಸ, ಅದನ್ನು ನನ್ನ ಹೆಸರಿನಲ್ಲೇ ಮಾಡುತ್ತೇನೆ. ನೀವು ಏನಂತೀರಿ? ನಿಮ್ಮಲ್ಲಿ ದಿನನಿತ್ಯ ಹೇಗೆ ನಡೆಯುತ್ತದೆ, ಅದನ್ನು ಬರೆಯಿರಿ.

ಸುರತ್ಕಲ್ ಉಪ್ಪ

ವಅಲೈಕುಮುಸ್ಸಲಾಮ್. ಒಳ್ಳೆಯ ವಿಷಯ ಎತ್ತಿದ್ದೀರಿ ಅಕ್ಕ.

ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಶಾಲೆಗೆ ಮುಂಚೆ ಮದರಸಕ್ಕೆ ಹೋಗಿಯೇ ಹೋಗುತ್ತಾರೆ. ತಲೆಗೆ ಟೊಪ್ಪಿ ಹಾಕಿಕೊಂಡು, ಅರ್ಧ ನಿದ್ದೆಯಲ್ಲಿ, ಬಗಲಲ್ಲಿ ಕಿತಾಬು. ವ್ಯವಸ್ಥೆ ಚೆನ್ನಾಗಿದೆ, ತರಗತಿ ಇದೆ, ದೊಡ್ಡ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆಯೂ ಇದೆ. ಆದರೆ ಮದರಸಕ್ಕೆ ಸೇರಿಸಿದ ಕೂಡಲೇ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುವ ಅಪ್ಪಂದಿರು ಜಾಸ್ತಿ. ಉಸ್ತಾದರು ಅಕ್ಷರ ಕಲಿಸಬಹುದು, ಓದು ಕಲಿಸಬಹುದು. ಮನೆಯಲ್ಲಿ ಉಪ್ಪ (ಅಪ್ಪ) ನಮಾಝಿಗೆ ನಿಂತಾಗ ಮುಖ ಹೇಗಿರುತ್ತದೆ ಅನ್ನುವುದನ್ನು ಮಗು ಮನೆಯಲ್ಲೇ ನೋಡಬೇಕು.

ನಾನು ಮನೆಯಲ್ಲಿ ಸುನ್ನತ್ (ಪ್ರವಾದಿಯವರ ರೂಢಿಯ, ಕಡ್ಡಾಯವಲ್ಲದ) ನಮಾಝ್ ಮಾಡುವಾಗ ಸಣ್ಣವನು ಬಂದು ಬೆನ್ನ ಮೇಲೆ ಕೂರುತ್ತಾನೆ. ಮೊದಲು ಮನೆಯವರು ಎಳೆದುಕೊಂಡು ಹೋಗುತ್ತಿದ್ದರು, ನಾನೇ ಬೇಡ ಅಂದೆ. ಪ್ರವಾದಿಯವರ (ಸ) ಬೆನ್ನ ಮೇಲೆ ಮೊಮ್ಮಗ ಹತ್ತಿ ಕೂತಿದ್ದಕ್ಕೆ ಸುಜೂದ್ (ನೆಲಕ್ಕೆ ಹಣೆ ಇಡುವುದು) ಎಷ್ಟು ಉದ್ದ ಆಯಿತೆಂದರೆ ಹಿಂದೆ ನಿಂತವರಿಗೆ ಏನೋ ಆಗಿದೆ ಅಂತ ಗಾಬರಿ ಆಗಿತ್ತು. ನಮಾಝ್ ಮುಗಿದ ಮೇಲೆ ಅವರು ಹೇಳಿದ್ದು, ನನ್ನ ಮಗ ನನ್ನ ಮೇಲೆ ಸವಾರಿ ಮಾಡುತ್ತಿದ್ದ, ಅವನ ಆಸೆ ತೀರುವ ಮೊದಲು ಅವಸರ ಮಾಡುವುದು ನನಗೆ ಇಷ್ಟವಾಗಲಿಲ್ಲ ಅಂತ. ಮಗಳು ಝೈನಬರ ಮಗು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದಾರೆ. ಸುಜೂದ್‌ಗೆ ಹೋಗುವಾಗ ಕೆಳಗಿಡುವುದು, ಏಳುವಾಗ ಮತ್ತೆ ಎತ್ತಿಕೊಳ್ಳುವುದು.

ಈಗ ನಮ್ಮ ಮಸೀದಿಗಳನ್ನು ನೋಡಿ. ಜುಮಾದ ದಿನ ಮಗು ಸ್ವಲ್ಪ ನಕ್ಕರೆ ಸಾಕು, ಸಲಾಂ ಹೇಳಿ ಮುಗಿಯುವುದೇ ತಡ, ನಾಲ್ಕು ಜನ ತಿರುಗಿ ಗದರುತ್ತಾರೆ. ಮಕ್ಕಳನ್ನೆಲ್ಲ ಹಿಡಿದು ಕೊನೆಯ ಸಫ್‌ಗೆ (ಸಾಲಿಗೆ) ಒಟ್ಟಿಗೆ ಕಳಿಸುತ್ತಾರೆ, ಒಟ್ಟಿಗೆ ಸೇರಿದ ಮಕ್ಕಳು ಗಲಾಟೆ ಮಾಡದೆ ಇನ್ನೇನು ಮಾಡುತ್ತಾರೆ? ಅಪ್ಪನ ಪಕ್ಕದಲ್ಲೇ ನಿಲ್ಲಿಸಿಕೊಂಡರೆ ಮುಕ್ಕಾಲು ಗಲಾಟೆ ನಿಲ್ಲುತ್ತದೆ. ಐದನೇ ವಯಸ್ಸಿನಲ್ಲಿ ಬೈಸಿಕೊಂಡು ಹೊರಗೆ ಹೋದವನನ್ನು ಹದಿನೈದಕ್ಕೆ ಮಸೀದಿಗೆ ಕರೆದರೆ ಬರುತ್ತಾನಾ? ಈ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರ ಇದೆ.

ಬೀದರಿನ ದಾದಾ

ಎಲ್ಲರಿಗೂ ಸಲಾಂ. ನಾನು ನಿವೃತ್ತ ಮೇಷ್ಟ್ರು, ಮೊಮ್ಮಕ್ಕಳಿದ್ದಾರೆ.

ಬೇಟಿ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಖೌಫ್ (ಹೆದರಿಕೆ) ಕೂಡ ದೀನಿನ (ಧರ್ಮದ) ಭಾಗ. ಕುರ್‌ಆನಿನಲ್ಲಿ ಜನ್ನತ್ (ಸ್ವರ್ಗ) ಇದೆ, ಜಹನ್ನಮ್ (ನರಕ) ಕೂಡ ಇದೆ. ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸುವುದು ಸರಿಯಾ? ಈಗಿನ ತಂದೆತಾಯಿ ಮಗು ಅಳಬಾರದು, ಬೇಜಾರಾಗಬಾರದು ಅಂತ ಎಲ್ಲವನ್ನೂ ಸಡಿಲ ಬಿಡುತ್ತಾರೆ. ಶಾಲೆಯ ಹೋಮ್‌ವರ್ಕ್ ವಿಷಯಕ್ಕೆ ಮಾತ್ರ ಕಟ್ಟುನಿಟ್ಟು, ನಮಾಝಿನ ವಿಷಯ ಬಂದರೆ "ಇನ್ನೂ ಸಣ್ಣದು ಬಿಡಿ" ಅಂತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಅಮ್ರ್ ಬಿನ್ ಸಲಮಾ (ರ) ಪ್ರವಾದಿಯವರ (ಸ) ಕಾಲದ ಆರೇಳು ವರ್ಷದ ಹುಡುಗ. ತನ್ನ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕುರ್‌ಆನ್ ಗೊತ್ತಿತ್ತು ಅಂತ ಅವನನ್ನೇ ಇಮಾಮ್ (ಮುಂದೆ ನಿಂತು ನಮಾಝ್ ಮಾಡಿಸುವವನು) ಮಾಡಿದರು. ಸಣ್ಣ ಮಕ್ಕಳ ಕೈಲಿ ಆಗುವುದಿಲ್ಲ ಅನ್ನುವುದು ಸುಳ್ಳು. ನಾವು ಕೇಳುವುದಿಲ್ಲ, ಅವರು ಮಾಡುವುದಿಲ್ಲ, ಅಷ್ಟೇ.

ಹುಬ್ಬಳ್ಳಿ ಅಮ್ಮಿ

ದಾದಾ, ನಿಮ್ಮ ಮಾತಿಗೆ ಗೌರವ ಇದೆ. ಹೋಮ್‌ವರ್ಕ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಆದರೆ ಜಹನ್ನಮ್ ಬಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಯಾವುದು ಮೊದಲು ಅಂತ ಕೇಳುತ್ತಿದ್ದೇನೆ. ಅಮ್ರ್ ಬಿನ್ ಸಲಮಾ ಅವರ ಕಥೆ ಪೂರ್ತಿ ಹೇಳಿ ದಾದಾ, ಅದರ ಕೊನೆ ತುಂಬಾ ಚೆನ್ನಾಗಿದೆ. ಆ ಹುಡುಗ ಮೊದಲು ಕುರ್‌ಆನ್ ಕಲಿತದ್ದು ಯಾರೋ ಹೊಡೆದು ಕಲಿಸಿ ಅಲ್ಲ. ಅವರ ಊರು ನೀರಿರುವ ಜಾಗದಲ್ಲಿತ್ತು, ದಾರಿಹೋಕರು ಬಂದು ತಂಗುತ್ತಿದ್ದರು, ಅವರ ಬಾಯಿಂದ ಕೇಳಿ ಕೇಳಿ ಇವನ ಎದೆಗೆ ಅಂಟಿಕೊಂಡಿತು. ಇಮಾಮ್ ಆದ ಮೇಲೆ ಸುಜೂದ್ ಮಾಡುವಾಗ ಅವನ ಬಟ್ಟೆ ಗಿಡ್ಡ ಆಗುತ್ತಿತ್ತು. ಊರಿನವರು ಬಟ್ಟೆ ತಂದು ಅಂಗಿ ಹೊಲಿಸಿಕೊಟ್ಟರು. ಆ ಅಂಗಿಯಷ್ಟು ಖುಷಿ ನನಗೆ ಬೇರೆ ಯಾವುದೂ ಕೊಟ್ಟಿಲ್ಲ ಅಂತ ದೊಡ್ಡವರಾದ ಮೇಲೆ ಅವರೇ ಹೇಳಿದ್ದಾರೆ. ಎಷ್ಟು ಮಗುತನ ನೋಡಿ. ಊರಿಗೇ ಇಮಾಮ್, ಆದರೂ ಹೊಸ ಅಂಗಿಗೆ ಕುಣಿಯುವ ಮಗು. ಯಾರೂ ಅವನಿಗೆ "ಇಮಾಮ್ ಆಗಿದ್ದೀಯ, ಗಂಭೀರವಾಗಿರು" ಅನ್ನಲಿಲ್ಲ.

ಇನ್ನೊಂದು. ಪ್ರವಾದಿಯವರ (ಸ) ಪತ್ನಿ ಆಯಿಶಾ (ರ) ಹೇಳಿದ ಮಾತು ಬುಖಾರಿಯಲ್ಲೇ ಇದೆ. ಮೊದಲು ಇಳಿದದ್ದು ಜನ್ನತ್, ಜಹನ್ನಮ್‌ಗಳನ್ನು ಹೇಳುವ ಸೂರಾಗಳು, ಜನ ಇಸ್ಲಾಮಿನಲ್ಲಿ ನೆಲೆಯಾದ ಮೇಲೆ ಹಲಾಲ್ ಹರಾಮ್ ಬಂತು, ಮೊದಲೇ "ಮದ್ಯ ಕುಡಿಯಬೇಡಿ" ಅಂತ ಬಂದಿದ್ದರೆ "ನಾವು ಬಿಡುವುದೇ ಇಲ್ಲ" ಅನ್ನುತ್ತಿದ್ದರು ಅಂತ. ಅದರಲ್ಲಿ ಜಹನ್ನಮ್ ಕೂಡ ಮೊದಲೇ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ದೊಡ್ಡವರಿಗೆ ಬಂದದ್ದು. ದೊಡ್ಡವರಿಗೇ ಹಂತ ಹಂತವಾಗಿ ಬಂದ ದೀನನ್ನು ನಾಲ್ಕು ವರ್ಷದ ಕೂಸಿಗೆ ಒಂದೇ ಸಲ ತಲೆ ಮೇಲೆ ಸುರಿಯಬೇಕಾ?

ಮದರಸ ಉಸ್ತಾದ್, ಪುತ್ತೂರು ಕಡೆ

ಅಸ್ಸಲಾಮು ಅಲೈಕುಮ್. ಇಬ್ಬರ ಮಾತೂ ಓದಿದೆ. ಮದರಸದಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವವನಾಗಿ ಬರೆಯುತ್ತಿದ್ದೇನೆ.

ಏಳು ವರ್ಷಕ್ಕೆ ನಮಾಝ್ ಮಾಡಲು ಹೇಳಿ, ಹತ್ತಕ್ಕೆ ಶಿಸ್ತು ಮಾಡಿ ಅನ್ನುವ ಹದೀಸ್ ಎಲ್ಲರಿಗೂ ಗೊತ್ತು. ಜನ ಅದರಲ್ಲಿ ಹಿಡಿದುಕೊಳ್ಳುವುದು "ಹತ್ತಕ್ಕೆ ಶಿಸ್ತು" ಅನ್ನುವುದನ್ನು ಮಾತ್ರ. ಮಧ್ಯದ ಮೂರು ವರ್ಷವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ದಿನಕ್ಕೆ ಐದು ಹೊತ್ತು, ಮೂರು ವರ್ಷ, ಅಂದರೆ 5,475 ಸಲ ಬಾಯಿಮಾತಿನಲ್ಲಿ ಕರೆಯಬೇಕು. "ಬಾ ಮಗಾ, ನಮಾಝಿಗೆ ಹೋಗೋಣ." ಅಷ್ಟು ಸಲ ತಾಳ್ಮೆಯಿಂದ ಕರೆದು, ಜೊತೆಯಲ್ಲಿ ನಿಲ್ಲಿಸಿಕೊಂಡ ತಂದೆಗೆ ಹತ್ತನೇ ವರ್ಷದಲ್ಲಿ ಕೈ ಎತ್ತುವ ಪ್ರಸಂಗವೇ ಬರುವುದಿಲ್ಲ. ಕರೆಯದೇ ಇದ್ದವರು ಹತ್ತು ವರ್ಷ ಆಯಿತು ಅಂತ ನನ್ನ ಹತ್ತಿರ ಬಂದು "ಉಸ್ತಾದ್, ಎರಡು ಬಾರಿಸಿ, ಸರಿಯಾಗುತ್ತಾನೆ" ಅಂತಾರೆ. ನಾನು ಬಾರಿಸುವುದಿಲ್ಲ. ಅನಸ್ (ರ) ಹುಡುಗನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿಯವರ (ಸ) ಸೇವೆ ಮಾಡಿದರು. ಒಂದು ಸಲವೂ ಪ್ರವಾದಿ (ಸ) ತನಗೆ "ಉಫ್" ಅನ್ನಲಿಲ್ಲ, "ಇದನ್ನು ಯಾಕೆ ಮಾಡಿದೆ, ಅದನ್ನು ಯಾಕೆ ಮಾಡಲಿಲ್ಲ" ಅಂತ ಕೇಳಲಿಲ್ಲ ಅಂತ ಅವರೇ ಹೇಳಿದ್ದಾರೆ.

ಪ್ರವಾದಿಯವರ (ಸ) ಸಂಗಾತಿ ಜುಂದುಬ್ (ರ) ಅವರ ಮಾತು ಇಬ್ನು ಮಾಜಾ ಅನ್ನುವ ಹದೀಸ್ ಸಂಗ್ರಹದಲ್ಲಿದೆ. ನಾವು ಪ್ರವಾದಿಯವರ (ಸ) ಜೊತೆ ಹರೆಯಕ್ಕೆ ಕಾಲಿಡುತ್ತಿದ್ದ ಹುಡುಗರಾಗಿದ್ದೆವು, ಕುರ್‌ಆನ್ ಕಲಿಯುವ ಮೊದಲು ಈಮಾನ್ (ನಂಬಿಕೆ) ಕಲಿತೆವು, ಆಮೇಲೆ ಕುರ್‌ಆನ್ ಕಲಿತೆವು, ಅದರಿಂದ ನಮ್ಮ ಈಮಾನ್ ಹೆಚ್ಚಿತು. ಈ ಚರ್ಚೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ನಾನು ಮಾಡುವುದು ಇಷ್ಟೇ. ಸೂರಾ ಫೀಲ್ ಬಾಯಿಪಾಠ ಮಾಡಿಸುವ ಮುಂಚೆ ಆನೆಯ ಕಥೆ ಹೇಳುತ್ತೇನೆ. ಅಬ್ರಹಾ, ಅವನ ಆನೆ, ಕಅಬಾ ಒಡೆಯಲು ಬಂದ ಸೈನ್ಯ, ಸಣ್ಣ ಸಣ್ಣ ಹಕ್ಕಿಗಳು, ಅವು ತಂದು ಹಾಕಿದ ಕಲ್ಲು. ಎರಡು ಮೂರು ದಿನ ಕಥೆಯೇ ನಡೆಯುತ್ತದೆ. ಆನೆ ಹೇಗೆ ನಿಂತಿತು ಅಂತ ಮಕ್ಕಳೇ ನಿಂತು ತೋರಿಸುತ್ತಾರೆ. ಆಮೇಲೆ ಐದು ಆಯತ್ (ವಚನ) ಬಾಯಿಗೆ ಬರಲು ಹೊತ್ತೇ ಬೇಕಾಗುವುದಿಲ್ಲ. ಹಾಗೆಯೇ ಯೂನುಸರ (ಅ) ಮೀನು, ಸುಲೈಮಾನರ (ಅ) ಇರುವೆ, ಗುಹೆಯಲ್ಲಿ ಮಲಗಿದ ಹುಡುಗರು ಮತ್ತು ಅವರ ನಾಯಿ. ಕುರ್‌ಆನಿನಲ್ಲಿ ಪ್ರಾಣಿಗಳೇ ಎಷ್ಟೊಂದು ಇವೆ, ಮಕ್ಕಳಿಗೆ ಅದಕ್ಕಿಂತ ಹತ್ತಿರದ ಬಾಗಿಲು ಇನ್ನೊಂದಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಮಗು ಮದರಸದಿಂದ ಬಂದಾಗ "ಎಷ್ಟು ಪುಟ ಆಯಿತು" ಅಂತ ಕೇಳಬೇಡಿ. "ಇವತ್ತು ಉಸ್ತಾದರು ಯಾವ ಕಥೆ ಹೇಳಿದರು" ಅಂತ ಕೇಳಿ.

ವಿಜಯಪುರದ ಮೊಮ್ಮಗಳು

ಉಸ್ತಾದರ ಮಾತು ಓದಿ ಬರೆಯಬೇಕು ಅನಿಸಿತು. ಈ ಪ್ರೀತಿಯಿಂದ ಕಲಿಸುವ ವಿಷಯ ಹೊಸ ಕಾಲದ ತಂದೆತಾಯಿಯರು ಕಂಡುಹಿಡಿದದ್ದಲ್ಲ. ನಮ್ಮ ನೆಲದಲ್ಲೇ ಹಳೆಯದು.

ವಿಜಯಪುರದ ಸೂಫಿಗಳು 17ನೇ ಶತಮಾನದಲ್ಲಿ ದಖ್ಖನಿಯಲ್ಲಿ ಚಕ್ಕಿನಾಮಾ ಅಂತ ಬೀಸುಕಲ್ಲಿನ ಹಾಡು ಕಟ್ಟಿದ್ದರು, ಲೋರಿನಾಮಾ ಅಂತ ಜೋಗುಳವನ್ನೂ ಕಟ್ಟಿದ್ದರು. ಕಲಬುರಗಿಯ ಬಂದೇ ನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಇದೆ. ಹೆಂಗಸರು ಬೀಸುತ್ತಾ ಹಾಡುವುದು, ಮಗು ಮಡಿಲಲ್ಲೋ ತೊಟ್ಟಿಲಲ್ಲೋ ಕೇಳುತ್ತಾ ಮಲಗುವುದು. ಓದು ಬರಹ ಬರದ ಮನೆಗಳಿಗೂ ದೀನ್ ಹೋದದ್ದು ಬಹುಮಟ್ಟಿಗೆ ಹೀಗೆ, ಹೆಂಗಸರ ದನಿಯಲ್ಲಿ. ಅಲ್ಲಾಹನ ಹೆಸರು, ಪ್ರವಾದಿಯವರ (ಸ) ಹೆಸರು, ಪೀರ್ ಸಾಹೇಬರ ಹೆಸರು ರೊಟ್ಟಿಯ ಹಿಟ್ಟಿನ ಜೊತೆಯಲ್ಲೇ ಮನೆಯೊಳಗೆ ಬಂದವು.

ನಮ್ಮ ದಾದಿ (ಅಜ್ಜಿ) ತೊಟ್ಟಿಲು ತೂಗುವಾಗ "ಲಾ ಇಲಾಹ ಇಲ್ಲಲ್ಲಾಹ್" ಅಂತ ಒಂದೇ ಲಯದಲ್ಲಿ ಹೇಳುತ್ತಿದ್ದರು. ಈಗ ನನ್ನ ಮಗುವಿಗೆ ಅದೇ ಲಯ ಬೇಕು. ಫೋನಿನಲ್ಲಿ ಎಷ್ಟು ಒಳ್ಳೆಯ ದನಿಯ ಕಿರಾಅತ್ (ಕುರ್‌ಆನ್ ಪಠಣ) ಹಾಕಿದರೂ ಸುಮ್ಮನಾಗುವುದಿಲ್ಲ, ನಾನು ಎದೆಗೆ ಹಾಕಿಕೊಂಡು ಹೇಳಿದರೆ ಸುಮ್ಮನಾಗುತ್ತದೆ. ನನ್ನ ದನಿ ಏನೂ ಚೆನ್ನಾಗಿಲ್ಲ. ತಾಯಂದಿರೇ, ದಯವಿಟ್ಟು ನೀವೇ ಹೇಳಿ, ಮೊಬೈಲಿಗೆ ಬಿಡಬೇಡಿ.

ಬಿಸ್ಮಿಲ್ಲಾ ಖ್ವಾನಿ ಬಗ್ಗೆಯೂ ಹೇಳಬೇಕು. ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಗುವಿಗೆ ಹೊಸ ಬಟ್ಟೆ ಹಾಕಿ, ಹೂವಿನ ಹಾರ ಹಾಕಿ, ಮೊದಲ ಅಕ್ಷರ ಓದಿಸಿ ಮಿಠಾಯಿ ಹಂಚುವುದು ನಮ್ಮಲ್ಲಿ ರೂಢಿ. ಇದು ಫರ್ಝ್ (ಕಡ್ಡಾಯ) ಅಲ್ಲ, ಸುನ್ನತ್ ಕೂಡ ಅಲ್ಲ, ಹಿರಿಯರು ಮಾಡಿಕೊಂಡು ಬಂದ ಪದ್ಧತಿ. ಆದರೂ ಓದು ಶುರುವಾಗುವ ದಿನ ಮಗುವಿನ ಬಾಯಿ ಸಿಹಿಯಾಗಿರಲಿ ಅಂದವರ ಮನಸ್ಸು ನನಗೆ ಇಷ್ಟ. ಸಾಲ ಮಾಡಿ ಶಾದಿಮಹಲ್ ಹಿಡಿಯುವುದು ಮಾತ್ರ ಬೇಡ.

ಜುಬೈಲ್‌ನಿಂದ ಒಬ್ಬ ಉಪ್ಪ

ನಾನು ಸೌದಿಯಲ್ಲಿದ್ದೇನೆ, ಮಕ್ಕಳು ಊರಿನಲ್ಲಿ. ನಮ್ಮಂಥವರು ಕರಾವಳಿಯಲ್ಲಿ ಮನೆಗೊಬ್ಬರು ಇದ್ದಾರೆ. ಸುರತ್ಕಲ್‌ನವರು ಹೇಳಿದ ಹಾಗೆ ಬೆನ್ನ ಮೇಲೆ ಕೂರಿಸಿಕೊಳ್ಳುವ ಭಾಗ್ಯ ರಜೆಯಲ್ಲಿ ಮಾತ್ರ. ಓದುವಾಗ ಗಂಟಲು ಕಟ್ಟಿತು.

ದೂರದಲ್ಲಿದ್ದು ಏನು ಮಾಡಬಹುದು ಅಂತ ಕೇಳುವವರಿಗೆ ಹೇಳುತ್ತೇನೆ. ಇಶಾ (ರಾತ್ರಿಯ ನಮಾಝ್) ಆದ ಮೇಲೆ ವಿಡಿಯೋ ಕಾಲ್ ಮಾಡಿದರೆ ಊರಿನಲ್ಲಿ ಆಗ ಮಕ್ಕಳು ಮಲಗುವ ಹೊತ್ತು ದಾಟಿರುತ್ತದೆ, ಗಡಿಯಾರ ಅಲ್ಲಿ ಎರಡೂವರೆ ಗಂಟೆ ಮುಂದೆ. ಹಾಗಾಗಿ ರಜೆಯ ದಿನ ಬಿಟ್ಟರೆ ಅಸರ್ (ಇಳಿಹೊತ್ತಿನ ನಮಾಝ್) ಹೊತ್ತಿಗೇ ಮಾಡಿಬಿಡುತ್ತೇನೆ. ಶಾಲೆ, ಮಾರ್ಕು, ಜಗಳ ಎಲ್ಲ ಆದ ಮೇಲೆ ಕೊನೆಗೆ ಒಂದೇ ಪ್ರಶ್ನೆ, "ಇವತ್ತು ಏನು ದುಆ (ಪ್ರಾರ್ಥನೆ) ಮಾಡೋಣ?" ಅವರು ಹೇಳಿದ್ದಕ್ಕೆ ನಾನು ಇಲ್ಲಿ ಕೈ ಎತ್ತುತ್ತೇನೆ, ಅವರು ಅಲ್ಲಿ ಎತ್ತುತ್ತಾರೆ. ಬೆಕ್ಕಿನ ಕಾಲು ವಾಸಿಯಾಗಲಿ, ನಾಳೆ ಮಳೆಗೆ ಶಾಲೆಗೆ ರಜೆ ಸಿಗಲಿ, ಉಪ್ಪನಿಗೆ ಬೇಗ ಲೀವು ಸಿಗಲಿ. ಯಾವುದಕ್ಕೂ "ಇದಕ್ಕೆಲ್ಲ ದುಆ ಮಾಡಬಾರದು" ಅನ್ನುವುದಿಲ್ಲ. ಇಬ್ನು ಅಬ್ಬಾಸ್ (ರ) ಹುಡುಗನಾಗಿದ್ದಾಗ ಪ್ರವಾದಿ (ಸ) ಸವಾರಿಯ ಮೇಲೆ ಹಿಂದೆ ಕೂರಿಸಿಕೊಂಡು ಹೇಳಿದ್ದು ಇದನ್ನೇ ಅಲ್ವಾ, ಕೇಳುವುದಿದ್ದರೆ ಅಲ್ಲಾಹನನ್ನು ಕೇಳು ಅಂತ. ಈಗ ಬೆಕ್ಕಿನ ಕಾಲಿಗೆ ಕೇಳಿ ರೂಢಿಯಾದವನು ನಾಳೆ ದೊಡ್ಡ ಕಷ್ಟ ಬಂದಾಗ ಎಲ್ಲಿಗೆ ಹೋಗಬೇಕು ಅಂತ ಹುಡುಕುವುದಿಲ್ಲ.

ಅಬೂ ಉಮೈರ್ ಅನ್ನುವ ಪುಟ್ಟ ಹುಡುಗನ ಸಾಕಿದ ಹಕ್ಕಿ ಸತ್ತುಹೋದಾಗ ಪ್ರವಾದಿ (ಸ) ಅವನನ್ನು ಮಾತಾಡಿಸಿ "ಓ ಅಬೂ ಉಮೈರ್, ನುಗೈರ್ ಏನಾಯಿತು?" ಅಂತ ಕೇಳುತ್ತಿದ್ದರು. ಹಕ್ಕಿಯ ಬಗ್ಗೆ ಮಾತಾಡಲು ಅವರಿಗೆ ಪುರುಸೊತ್ತಿತ್ತು. ನಮಗೆ ಇಲ್ಲ ಅಂದರೆ ಹೇಗೆ?

ಬೆಂಗಳೂರಿನ ಸಫಿಯಾ ಅಮ್ಮ

ನನ್ನದು ಬೇರೆ ಪ್ರಶ್ನೆ. ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ನನ್ನ ಮಗಳ ಜೀವದ ಗೆಳತಿ ಎದುರು ಮನೆಯ ಹುಡುಗಿ, ಹಿಂದೂ. ಯಾರೋ ಏನೋ ಹೇಳಿದ್ದಾರೆ, ಮಗಳು ಬಂದು "ಅವಳಿಗೆ ಜನ್ನತ್ ಇಲ್ವಾ?" ಅಂತ ಕೇಳುತ್ತಿದ್ದಾಳೆ. ಅಳುವ ಮುಖ ಮಾಡಿಕೊಂಡು. ಆರು ವರ್ಷ ಅವಳಿಗೆ. ಏನು ಹೇಳಲಿ?

ಮದರಸ ಉಸ್ತಾದ್, ಪುತ್ತೂರು ಕಡೆ

ಸಹೋದರಿ, ಆರು ವರ್ಷದ ಮಗುವಿಗೆ ಅಖೀದಾದ (ನಂಬಿಕೆಯ ಸಿದ್ಧಾಂತದ) ಪಾಠ ಬೇಡ. ಯಾರಿಗೆ ಏನು ಅನ್ನುವ ತೀರ್ಪು ಅಲ್ಲಾಹನ ಕೈಯಲ್ಲಿದೆ, ಅವನು ಯಾರಿಗೂ ಸಾಸಿವೆ ಕಾಳಿನಷ್ಟೂ ಅನ್ಯಾಯ ಮಾಡುವುದಿಲ್ಲ, ನಮ್ಮ ಕೆಲಸ ನೆರೆಯವರಿಗೆ ಒಳ್ಳೆಯವರಾಗಿರುವುದು. ಇಷ್ಟು ಹೇಳಿ. ಇದು ಸುಳ್ಳು ಸಮಾಧಾನ ಅಲ್ಲ, ಸತ್ಯವೇ. ನೆರೆಯವರ ಬಗ್ಗೆ ದೇವದೂತ ಜಿಬ್ರೀಲ್ (ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ ಆಸ್ತಿಯಲ್ಲೂ ಪಾಲು ಕೊಡಿಸುತ್ತಾರೇನೋ ಅಂತ ಪ್ರವಾದಿಯವರಿಗೆ (ಸ) ಅನಿಸಿತ್ತು.

ಹುಬ್ಬಳ್ಳಿ ಅಮ್ಮಿ

ಸಫಿಯಾ ಅಮ್ಮ, ಇದಕ್ಕೆ ಒಂದು ಕೆಲಸ ಮಾಡಿ. ಈದ್ ದಿನ ಸುರಕುಂಬಾದ (ಶಾವಿಗೆ ಪಾಯಸದ) ಡಬ್ಬಿ ಮಗಳ ಕೈಯಲ್ಲೇ ಎದುರು ಮನೆಗೆ ಕಳಿಸಿ. ನಮ್ಮ ಓಣಿಯಲ್ಲಿ ಅದೇ ರೂಢಿ, ಅವರ ಮನೆಯಿಂದ ಪಂಚಮಿ ಉಂಡಿ ಬರುತ್ತದೆ, ನಮ್ಮಿಂದ ಸುರಕುಂಬಾ ಹೋಗುತ್ತದೆ. "ಅಲ್ಲಾಹನಿಗೆ ಇಷ್ಟ ಅಂತ ಕೊಡುತ್ತಿದ್ದೇವೆ" ಅಂತ ಮಗಳಿಗೆ ಹೇಳಿ ಕಳಿಸಿ. ನಮ್ಮ ದೀನ್ ಪ್ರೀತಿಸು ಅಂದರೆ ಬೇರೆಯವರನ್ನು ದೂರ ಇಡು ಅಂತಲ್ಲ ಅನ್ನುವುದು ಮಗುವಿಗೆ ಕಾಲಿನಿಂದ, ಕೈಯಿಂದ ಗೊತ್ತಾಗಬೇಕು. ಬಾಯಿಂದ ಹೇಳಿದರೆ ಸಾಲದು.

ರಾಣೆಬೆನ್ನೂರಿನ ನರ್ಸ್

ರಮ್ಜಾನ್ ಬಂದಾಗಲೆಲ್ಲ ಒಂದು ವಿಷಯ ನೋಡುತ್ತೇನೆ, ಹೇಳಲೇಬೇಕು. ಆರೇಳು ವರ್ಷದ ಮಕ್ಕಳಿಗೆ ಮೊದಲ ರೋಜಾ (ಉಪವಾಸ) ಇಡಿಸಿ, ರೋಜಾ ಕುಶಾಯಿ ಅಂತ ಹಾರ ಹಾಕಿ, ಸ್ಟೇಟಸ್‌ಗೆ ಫೋಟೋ ಹಾಕುವುದು. ಮಗುವಿಗೆ ಇಷ್ಟ ಇದ್ದು, ಮೈಯಲ್ಲಿ ಶಕ್ತಿ ಇದ್ದರೆ ಸಂತೋಷ. ಆದರೆ ಬೇಸಿಗೆಯಲ್ಲಿ ರಮ್ಜಾನ್ ಬಂದ ವರ್ಷಗಳಲ್ಲಿ ಮಧ್ಯಾಹ್ನ ಮೂರಕ್ಕೆ ತಲೆ ಸುತ್ತಿ, ವಾಂತಿ ಮಾಡಿ, ತುಟಿ ಒಣಗಿದ ಮಗುವನ್ನು "ಇನ್ನು ಮೂರೇ ಗಂಟೆ, ಹಾರ ತಂದಾಗಿದೆ, ನೆಂಟರು ಬಂದಿದ್ದಾರೆ" ಅಂತ ಕೂರಿಸುತ್ತಾರೆ. ಹರೆಯಕ್ಕೆ ಬರುವ ತನಕ ರೋಜಾ ಫರ್ಝ್ ಅಲ್ಲ. ಮಗು ಮಂಕಾದರೆ, ಮೂತ್ರ ಹೋಗುವುದು ಕಡಿಮೆಯಾದರೆ, ತಲೆನೋವು ಅಂದರೆ, ಹಿಂದೆಮುಂದೆ ನೋಡದೆ ನೀರು ಕುಡಿಸಿ. ಸಕ್ಕರೆ ಕಾಯಿಲೆ ಇರುವ ಮಗು ಆದರೆ ಡಾಕ್ಟರನ್ನು ಕೇಳದೆ ರೋಜಾದ ಮಾತೇ ಬೇಡ.

ಪ್ರವಾದಿಯವರ (ಸ) ಕಾಲದಲ್ಲೂ ಮಕ್ಕಳಿಗೆ ಉಪವಾಸದ ಅಭ್ಯಾಸ ಮಾಡಿಸುತ್ತಿದ್ದರು. ರುಬಯ್ಯಿಅ್ (ರ) ಹೇಳುತ್ತಾರೆ, ಆಶೂರಾ ದಿನ (ಮುಹರ್ರಮ್ ತಿಂಗಳ ಹತ್ತನೇ ದಿನ) ಮಕ್ಕಳಿಗೂ ಉಪವಾಸ ಹಿಡಿಸುತ್ತಿದ್ದೆವು, ಉಣ್ಣೆಯಿಂದ ಆಟಿಕೆ ಮಾಡುತ್ತಿದ್ದೆವು, ಊಟಕ್ಕೆ ಅತ್ತರೆ ಆಟಿಕೆ ಕೊಡುತ್ತಿದ್ದೆವು ಅಂತ. ನನಗೆ ಇದರಲ್ಲಿ ಕಾಣುವುದು ಕೂತು ಉಣ್ಣೆಯಲ್ಲಿ ಆಟಿಕೆ ಮಾಡುತ್ತಿದ್ದ ತಾಯಂದಿರು. ಮಗುವಿನ ಉಪವಾಸಕ್ಕೆ ತಾಯಿಯ ಶ್ರಮ ಅಷ್ಟಿತ್ತು. ನಾವು ಟಿವಿ ಹಾಕಿ ಮಲಗಿಬಿಡುತ್ತೇವೆ.

ನನ್ನ ಮಕ್ಕಳಿಗೆ ಅರ್ಧ ದಿನದ ರೋಜಾ. ಸಹರಿಗೆ (ಬೆಳಕು ಹರಿಯುವ ಮುಂಚಿನ ಊಟಕ್ಕೆ) ಎಬ್ಬಿಸುತ್ತೇನೆ, ಅದು ಅವರಿಗೆ ದೊಡ್ಡ ಸಂಭ್ರಮ, ರಾತ್ರಿಯಲ್ಲಿ ದೊಡ್ಡವರ ಜೊತೆ ಊಟ ಅಲ್ವಾ. ಜುಹರ್‌ಗೆ (ಮಧ್ಯಾಹ್ನದ ನಮಾಝ್ ಹೊತ್ತಿಗೆ) ಬಿಡಿಸುತ್ತೇನೆ. ಮಗ್ರಿಬ್‌ಗೆ (ಸೂರ್ಯ ಮುಳುಗಿದಾಗ) ಮತ್ತೆ ಎಲ್ಲರ ಜೊತೆ ಖರ್ಜೂರ. ಇಫ್ತಾರ್ ತಟ್ಟೆ ಮಸೀದಿಗೆ ಕೊಂಡುಹೋಗುವುದು ಅವರದೇ ಕೆಲಸ, ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಬೀದರಿನ ದಾದಾ

ನರ್ಸ್ ಬೇಟಿ ಹೇಳಿದ್ದು ಸರಿ. ಹಾರಕ್ಕೋಸ್ಕರ ಮಗುವನ್ನು ಒಣಗಿಸುವುದು ಇಬಾದತ್ (ಆರಾಧನೆ) ಅಲ್ಲ.

ಉಸ್ತಾದರು ಹಾಕಿದ 5,475ರ ಲೆಕ್ಕ ನನ್ನ ತಲೆಯಲ್ಲಿ ಕೂತಿದೆ. ಮೇಷ್ಟ್ರಾಗಿದ್ದವನು, ಲೆಕ್ಕ ಒಪ್ಪುತ್ತೇನೆ. ಆದರೂ ನನ್ನ ಅಭಿಪ್ರಾಯ ಬಿಡುವುದಿಲ್ಲ, ಏಳು ವರ್ಷಕ್ಕೆ ಕರೆಯಲೇಬೇಕು, ಐದೂ ಹೊತ್ತು ಕರೆಯಬೇಕು, ಪ್ರೀತಿಯ ಹೆಸರಿನಲ್ಲಿ ಅದನ್ನು ಮುಂದೂಡಬೇಡಿ. ಫಜರ್‌ಗೆ (ಬೆಳಗಿನ ಜಾವದ ನಮಾಝಿಗೆ) ಮಗುವನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ ಅಂತಾರೆ, ಟೂರ್‌ಗೆ ಬಸ್ ಹಿಡಿಯಲು ನಾಲ್ಕಕ್ಕೆ ಎಬ್ಬಿಸುತ್ತಾರೆ.

ದಾವಣಗೆರೆಯ ಒಬ್ಬ ತಾಯಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನ ಮಗನಿಗೆ ಒಂಬತ್ತು ವರ್ಷ, ಮಾತು ಬಂದಿಲ್ಲ, ಬೆಳವಣಿಗೆ ನಿಧಾನ. ಸೂರಾ ಬಾಯಿಪಾಠ ಆಗುವುದಿಲ್ಲ, ವುಝೂ (ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಕ್ರಮವಾಗಿ ಬರುವುದಿಲ್ಲ. ನೆಂಟರು ಬಂದಾಗ ಬೇರೆ ಮಕ್ಕಳಿಂದ ಸೂರಾ ಹೇಳಿಸುತ್ತಾರೆ, ಇವನ ಸರದಿ ಬಂದಾಗ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ಅಝಾನ್ ಆದರೆ ಮಾತ್ರ ಇವನೇ ಮೊದಲು. ಜಾನಮಾಜ್ (ನಮಾಝಿನ ಚಾಪೆ) ಎಲ್ಲಿದ್ದರೂ ಹುಡುಕಿ ತಂದು ಹಾಸುತ್ತಾನೆ, ನನ್ನ ಕೈ ಹಿಡಿದು ಎಳೆಯುತ್ತಾನೆ. ನಾನು ಸುಜೂದ್‌ಗೆ ಹೋದರೆ ಪಕ್ಕದಲ್ಲಿ ಹಣೆ ಇಟ್ಟು ನನ್ನ ಮುಖ ನೋಡುತ್ತಾನೆ, ನಗುತ್ತಾನೆ. ಇವನಿಗೆ ಯಾರೂ ಜಹನ್ನಮ್ ಹೇಳಿ ಹೆದರಿಸಿಲ್ಲ, ಜನ್ನತ್ ಹೇಳಿ ಆಸೆ ಹುಟ್ಟಿಸಿಲ್ಲ, ಹೇಳಿದರೂ ಅರ್ಥ ಆಗುವುದಿಲ್ಲ. ಇವನು ಯಾಕೆ ಬರುತ್ತಾನೆ ಅಂತ ಯಾರಾದರೂ ಹೇಳುತ್ತೀರಾ? ಇವನ ನಮಾಝ್‌ಗೆ ಲೆಕ್ಕ ಇದೆಯಾ?

ಮದರಸ ಉಸ್ತಾದ್, ಪುತ್ತೂರು ಕಡೆ

ತಾಯೀ, ನಿಮ್ಮ ಮಗನ ಮೇಲೆ ತಪ್ಪು ಬರೆಯುವ ಕಲಮನ್ನು (ಲೇಖನಿಯನ್ನು) ಅಲ್ಲಾಹನೇ ಎತ್ತಿಟ್ಟಿದ್ದಾನೆ. ಮಲಗಿದವನು ಏಳುವವರೆಗೆ, ಮಗು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ತಿಳಿಯದವನಿಗೆ ಬುದ್ಧಿ ತಿಳಿಯುವವರೆಗೆ ಕಲಮ್ ಇಲ್ಲ ಅಂತ ಹದೀಸ್ ಇದೆ. ಅವನ ಮೇಲೆ ಯಾವ ಸಾಲವೂ ಇಲ್ಲ. ಸಾಲ ಇಲ್ಲದವನು ಬರುತ್ತಿದ್ದಾನೆ ಅಂದರೆ ನಿಮ್ಮ ಪಕ್ಕದಲ್ಲಿ, ಆ ಚಾಪೆಯ ಮೇಲೆ ಅವನಿಗೆ ಏನೋ ಸಿಗುತ್ತಿದೆ. ಹಜ್‌ಗೆ ಹೊರಟಿದ್ದ ಒಬ್ಬ ತಾಯಿ ಮಗುವನ್ನು ಎತ್ತಿ ತೋರಿಸಿ "ಇವನಿಗೂ ಹಜ್ ಇದೆಯಾ?" ಅಂತ ಕೇಳಿದಾಗ ಪ್ರವಾದಿ (ಸ) "ಹೌದು, ಪ್ರತಿಫಲ ನಿನಗೂ ಇದೆ" ಅಂದರು. ಮಗನಿಗೆ ನನ್ನ ಸಲಾಂ ಹೇಳಿ.

ಸುರತ್ಕಲ್ ಉಪ್ಪ

ಅಕ್ಕ, ನಿಮ್ಮ ಮಗನನ್ನು ಜುಮಾಕ್ಕೆ ಅವರಪ್ಪನ ಜೊತೆ ಕಳಿಸಿ. ಯಾರಾದರೂ ಗದರಿದರೆ ಪಕ್ಕದಲ್ಲಿರುವವರು ಬಾಯಿ ಬಿಟ್ಟು ಮಾತಾಡಬೇಕು. ಇಲ್ಲಿ ಓದುತ್ತಿರುವ ಗಂಡಸರಿಗೆಲ್ಲ ಹೇಳುತ್ತಿದ್ದೇನೆ, ನಿಮ್ಮ ಜಮಾಅತ್ ಕಮಿಟಿಯಲ್ಲಿ ಈ ವಿಷಯ ಎತ್ತಿ.

ಬೆಂಗಳೂರಿನ ಸಫಿಯಾ ಅಮ್ಮ

ಉಸ್ತಾದರ ಉತ್ತರ ಮಗಳಿಗೆ ಹೇಳಿದೆ, ಮುಖ ಬಿಚ್ಚಿತು. ಈಗ ಇನ್ನೊಂದು ಪ್ರಶ್ನೆ ಹಿಡಿದಿದ್ದಾಳೆ, "ಅಲ್ಲಾ ಯಾಕೆ ಕಾಣಿಸಲ್ಲ?" ಹಾಗೇ ಇನ್ನೊಂದು ಕೇಳುತ್ತೇನೆ, ಸೂರಾ ಕಲಿತರೆ ಚಾಕಲೇಟು, ನಮಾಝ್ ಮಾಡಿದರೆ ಸ್ಟಿಕ್ಕರ್ ಅಂತ ಚಾರ್ಟ್ ಹಾಕಿದ್ದೇನೆ, ಇದು ಸರಿನಾ?

ಹುಬ್ಬಳ್ಳಿ ಅಮ್ಮಿ

ಕಾಣಿಸದಿರುವ ಪ್ರಶ್ನೆಗೆ ನಾನು ಹೇಳುವುದು ಇಷ್ಟೇ, ನಮ್ಮ ಕಣ್ಣಿಗೆ ಅಷ್ಟು ಶಕ್ತಿ ಇಲ್ಲ, ಅಲ್ಲಾಹನು ನಮ್ಮನ್ನು ನೋಡುತ್ತಾನೆ, ಜನ್ನತ್‌ನಲ್ಲಿ ನಾವೂ ನೋಡುತ್ತೇವೆ. "ನೋಡುತ್ತಾನೆ" ಅನ್ನುವಾಗ ದನಿಯಲ್ಲಿ ಬೆದರಿಕೆ ಬರದ ಹಾಗೆ ನೋಡಿಕೊಳ್ಳಿ. ಪೊಲೀಸರು ನೋಡುತ್ತಾರೆ ಅನ್ನುವ ದನಿ ಬೇಡ, ಅಮ್ಮ ಮಲಗಿದ ಮಗುವನ್ನು ನೋಡುತ್ತಾಳಲ್ಲ ಆ ದನಿ ಇರಲಿ.

ಚಾರ್ಟ್ ಬಗ್ಗೆ. ಉಡುಗೊರೆ ತಪ್ಪಲ್ಲ, ಆ ಅಂಗಿಯ ಕಥೆ ಮೇಲೆ ಬರೆದಿದ್ದೇನೆ. ಆದರೆ ಅಂಗಿ ಕೊಟ್ಟದ್ದು ಮೊದಲೇ ಮಾತಾಡಿಕೊಂಡ ಕೂಲಿಯಾಗಿ ಅಲ್ಲ. ಪ್ರತಿ ನಮಾಝಿಗೂ ಒಂದು ಸ್ಟಿಕ್ಕರ್ ಅಂದರೆ ಸ್ಟಿಕ್ಕರ್ ಖಾಲಿಯಾದ ದಿನ ನಮಾಝೂ ಖಾಲಿ. ಸೂರಾ ಮುಗಿಸಿದ ದಿನ ಹೇಳದೆ ಕೇಳದೆ ಇಷ್ಟದ ಅಡುಗೆ ಮಾಡಿ. ಅಣ್ಣ ತಮ್ಮಂದಿರ ನಡುವೆ ಪೈಪೋಟಿ ಹಚ್ಚಬೇಡಿ, ಹಿಂದೆ ಬಿದ್ದವನಿಗೆ ಕುರ್‌ಆನ್ ಮೇಲೆಯೇ ಬೇಸರ ಬರುತ್ತದೆ.

ಚಾರ್ಟ್ ಬದಲು ಸದಕಾ (ದಾನದ) ಡಬ್ಬಿ ಇಟ್ಟು ನೋಡಿ. ನಮ್ಮಲ್ಲಿ ಹಳೆಯ ಹಾರ್ಲಿಕ್ಸ್ ಡಬ್ಬಿ ಇದೆ, ಮುಚ್ಚಳದಲ್ಲಿ ಸೀಳು ಮಾಡಿದ್ದೇವೆ. ಶುಕ್ರವಾರ ಮಕ್ಕಳು ನಾಣ್ಯ ಹಾಕುತ್ತಾರೆ. ತುಂಬಿದಾಗ ಯಾರಿಗೆ ಕೊಡಬೇಕು ಅಂತ ಅವರೇ ತೀರ್ಮಾನ ಮಾಡಬೇಕು, ನಾವು ಬಾಯಿ 
ಹಾಕುವುದಿಲ್ಲ. ಹೋದ ಸಲ ನಮ್ಮ ಓಣಿಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಚಪ್ಪಲಿ ಕೊಡಿಸಬೇಕು ಅಂದರು. ಅಜ್ಜಿಯ ಕಾಲಿನ ಅಳತೆ ಹೇಗೆ ಕೇಳುವುದು ಅಂತ ಇಬ್ಬರೂ ಸಂಜೆಯೆಲ್ಲ ಚರ್ಚೆ ಮಾಡಿದರು, ಕೊನೆಗೆ ಸೊಪ್ಪು ಕೊಳ್ಳುವ ನೆಪದಲ್ಲಿ ಮಗಳು ದಾರದಲ್ಲಿ ಅಳೆದುಕೊಂಡು ಬಂದಳು. ಡಬ್ಬಿ ದೊಡ್ಡದು ಬೇಡ, ಬೇಗ ತುಂಬುವಂಥದ್ದು ಇಡಿ. ತುಂಬಲು ತಿಂಗಳುಗಟ್ಟಲೆ ಆದರೆ ಸಣ್ಣವರಿಗೆ ಆಸಕ್ತಿ ಹೋಗುತ್ತದೆ.